ಬೆಳ್ಳಗಾಗಿಸುವ ಡಬ್ಬಿಯಲ್ಲಿ ಪಾದರಸ: ಗಡಿನಾಡಿಗೆ ಕನ್ನಡದಲ್ಲೇ ಎಚ್ಚರಿಕೆ ಬೇಕು

ಮಾನ್ಯ ಸಂಪಾದಕರಿಗೆ,

ಮದುವೆಯ ಮುಹೂರ್ತ ಗೊತ್ತಾದ ಮನೆಗೆ ಈಗ ಬಂಗಾರ, ಸೀರೆಗಳ ಜೊತೆ ಮುಖ ಬೆಳ್ಳಗಾಗಿಸುವ ಕ್ರೀಮಿನ ಡಬ್ಬಿಯೂ ಬರುತ್ತದೆ. ಗಲ್ಫಿನಿಂದ ಬಂದವರ ಪೆಟ್ಟಿಗೆಯಲ್ಲಿ ಬರಬಹುದು, ಪೇಟೆಯ ಫ್ಯಾನ್ಸಿ ಅಂಗಡಿಯಿಂದ ಬರಬಹುದು, ವಾಟ್ಸಾಪಿನಲ್ಲಿ ಹೇಳಿದರೆ ಕೊರಿಯರಿನಲ್ಲೂ ಬರಬಹುದು. ಹತ್ತು ದಿನದಲ್ಲಿ ಬಣ್ಣ ಬದಲಾಗುತ್ತದೆ ಎಂದು ಮಾರುವವರು ಹೇಳುತ್ತಾರೆ. ಎಷ್ಟೋ ಸಲ ಹಾಗೇ ಆಗುತ್ತದೆ ಕೂಡ. ಹೆದರಬೇಕಾದ್ದು ಅದಕ್ಕೇ. ಚರ್ಮದ ಮೇಲ್ಪದರ ಪೂರ್ತಿ ಹೊಸದಾಗಲು ಸುಮಾರು ನಾಲ್ಕು ವಾರ ಬೇಕು. ಅದಕ್ಕೂ ಮೊದಲೇ ಕಣ್ಣಿಗೆ ಹೊಡೆಯುವಷ್ಟು ಬೆಳ್ಳಗೆ ಮಾಡುವ ಕ್ರೀಮಿನಲ್ಲಿ ಪಾದರಸದ ಲವಣವೋ ಬಲವಾದ ಸ್ಟಿರಾಯ್ಡೋ ಇರುವ ಸಂಶಯ ಪಡಲೇಬೇಕು.

ಇದು ಎಲ್ಲೋ ದೂರದ ಸುದ್ದಿಯಲ್ಲ. ನಮ್ಮದೇ ರಾಜ್ಯವಾದ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲಿನಲ್ಲಿ ಮೂತ್ರಪಿಂಡ ತಜ್ಞರು 2021ರ ಜುಲೈಯಿಂದ 2023ರ ಸೆಪ್ಟೆಂಬರ್ ವರೆಗೆ ಮೆಂಬ್ರೇನಸ್ ನೆಫ್ರೋಪತಿ ಎಂಬ, ಮೂತ್ರಪಿಂಡದಿಂದ ಪ್ರೋಟೀನ್ ಸೋರುವ ಕಾಯಿಲೆಯ 22 ರೋಗಿಗಳನ್ನು ಪರಿಶೀಲಿಸಿದರು. ಅವರಲ್ಲಿ 15 ಮಂದಿಗೆ ಇದ್ದದ್ದು ‘ನೆಲ್–1’ ಎಂಬ, ಸಾಮಾನ್ಯವಾಗಿ ಅಪರೂಪಕ್ಕೆ ಕಾಣುವ ಬಗೆ. ಆ 15 ಮಂದಿಯಲ್ಲಿ 13 ಮಂದಿ ಕಾಯಿಲೆಯ ಲಕ್ಷಣ ಕಾಣಿಸುವ ಮೊದಲು ಬಿಳಿಯಾಗಿಸುವ ಕ್ರೀಮ್ ಹಚ್ಚುತ್ತಿದ್ದರು. ಕ್ರೀಮ್ ಬಿಟ್ಟ ಮೇಲೆ ಹೆಚ್ಚಿನವರು ಚೇತರಿಸಿಕೊಂಡರು. ಈ ಕೊನೆಯ ವಾಕ್ಯವನ್ನು ಓದುಗರು ದಯವಿಟ್ಟು ಇನ್ನೊಮ್ಮೆ ಓದಬೇಕು. ಮೂತ್ರಪಿಂಡದ ಕಾಯಿಲೆಗಳಲ್ಲಿ ಕಾರಣ ಇಷ್ಟು ಸ್ಪಷ್ಟವಾಗಿ ಸಿಗುವುದು, ಅದನ್ನು ನಿಲ್ಲಿಸಿದರೆ ಕಾಯಿಲೆಯೇ ಹಿಂದೆ ಸರಿಯುವುದು ತೀರಾ ಕಡಿಮೆ.

ಕೇರಳದ ಔಷಧ ನಿಯಂತ್ರಣ ಇಲಾಖೆ 2023ರಲ್ಲಿ ‘ಆಪರೇಷನ್ ಸೌಂದರ್ಯ’ ಎಂಬ ಹೆಸರಿನಲ್ಲಿ ತಪಾಸಣೆ ಆರಂಭಿಸಿತು. ಪರೀಕ್ಷಿಸಿದ ಮಾದರಿಗಳಲ್ಲಿ ಮಿತಿಗಿಂತ 12,000 ಪಟ್ಟು ಪಾದರಸ ಸಿಕ್ಕಿದೆ ಎಂದು ರಾಜ್ಯದ ಆರೋಗ್ಯ ಸಚಿವರಾಗಿದ್ದ ವೀಣಾ ಜಾರ್ಜ್ ಅವರೇ ಹೇಳಿದರು. ಆ ಸಂಖ್ಯೆಯನ್ನು ಡಬ್ಬಿಯ ಲೆಕ್ಕಕ್ಕೆ ತರೋಣ. ನಮ್ಮ ದೇಶದ ಕಾನೂನಿನ ಪ್ರಕಾರ ಮುಖದ ಕ್ರೀಮಿಗೆ ಪಾದರಸ ಬೆರೆಸುವಂತೆಯೇ ಇಲ್ಲ. ತಯಾರಿಕೆಯಲ್ಲಿ ತಿಳಿಯದೆ ಸೇರಿದ್ದೂ 1 ಪಿಪಿಎಂ ಮೀರಬಾರದು. 1 ಪಿಪಿಎಂ ಅಂದರೆ ಒಂದು ಕಿಲೋ ಕ್ರೀಮಿನಲ್ಲಿ ಒಂದು ಮಿಲಿಗ್ರಾಂ. ಹಾಗಾಗಿ 30 ಗ್ರಾಂ ಡಬ್ಬಿಯಲ್ಲಿ ಹೆಚ್ಚೆಂದರೆ 0.03 ಮಿಲಿಗ್ರಾಂ ಇರಬಹುದು. ಅದರ 12,000 ಪಟ್ಟು ಅಂದರೆ ಅದೇ ಡಬ್ಬಿಯಲ್ಲಿ 360 ಮಿಲಿಗ್ರಾಂ. ಜ್ವರ ನೋಡುವ ಹಳೆಯ ಗಾಜಿನ ಥರ್ಮಾಮೀಟರಿನಲ್ಲಿ ಸುಮಾರು ಒಂದು ಗ್ರಾಂ ಪಾದರಸ ಇರುತ್ತಿತ್ತು. ಅಂಥ ಕ್ರೀಮಿನ ಮೂರು ಡಬ್ಬಿ ಮುಗಿಸಿದವರು ಒಂದು ಥರ್ಮಾಮೀಟರಿನ ಪಾದರಸವನ್ನು ಮುಖಕ್ಕೆ ತಿಕ್ಕಿಕೊಂಡಂತಾಯಿತು. ಥರ್ಮಾಮೀಟರ್ ಒಡೆದರೆ ಮಕ್ಕಳನ್ನು ದೂರ ಓಡಿಸುವ ನಾವೇ ಡಬ್ಬಿಯ ಮುಚ್ಚಳವನ್ನು ನಿಶ್ಚಿಂತೆಯಿಂದ ತೆರೆಯುತ್ತೇವೆ.

ಪಾದರಸ ಚರ್ಮವನ್ನು ಬೆಳ್ಳಗೆ ಮಾಡುವುದು ಹೀಗೆ. ನಮ್ಮ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ತಯಾರಾಗಲು ಟೈರೋಸಿನೇಸ್ ಎಂಬ ಕಿಣ್ವ ಬೇಕು. ಆ ಕಿಣ್ವ ಕೆಲಸ ಮಾಡಬೇಕಾದರೆ ಅದರೊಳಗೆ ತಾಮ್ರ ಇರಬೇಕು. ಪಾದರಸ ಆ ತಾಮ್ರದ ಜಾಗಕ್ಕೆ ಬಂದು ಕೂರುತ್ತದೆ, ಕಿಣ್ವ ನಿಂತುಹೋಗುತ್ತದೆ, ಹೊಸ ಬಣ್ಣ ಹುಟ್ಟುವುದಿಲ್ಲ. ಪಾದರಸ ಅಲ್ಲಿಗೇ ನಿಲ್ಲುವುದಿಲ್ಲ. ಕೂದಲಿನ ಬುಡದಿಂದ, ಬೆವರಿನ ರಂಧ್ರಗಳಿಂದ ಒಳಗಿಳಿದು ರಕ್ತ ಸೇರಿ, ಬಹುಪಾಲು ಮೂತ್ರಪಿಂಡದಲ್ಲಿ ನೆಲೆಸುತ್ತದೆ. ಅಲ್ಲಿ ರಕ್ತ ಸೋಸುವ ಜರಡಿಯ ಹೊರಮೈಯಲ್ಲಿ ದೇಹದ್ದೇ ಪ್ರತಿಕಾಯಗಳು ಬಂದು ಅಂಟಿಕೊಳ್ಳುತ್ತವೆ. ಜರಡಿಯ ತೂತು ದೊಡ್ಡದಾದಂತೆ ರಕ್ತದ ಪ್ರೋಟೀನ್ ಮೂತ್ರದಲ್ಲಿ ಸೋರಿ ಹೋಗುತ್ತದೆ. ಬೆಳಿಗ್ಗೆ ಎದ್ದಾಗ ಕಣ್ಣಿನ ರೆಪ್ಪೆ ಊದಿರುವುದು, ಸಂಜೆಗೆ ಕಾಲಿನ ಗಂಟು ಊದಿ ಬೆರಳಿನಿಂದ ಒತ್ತಿದರೆ ಗುಳಿ ಬೀಳುವುದು, ಮೂತ್ರದ ನೊರೆ ಬೇಗ ಇಳಿಯದಿರುವುದು ಇವೆಲ್ಲ ಆ ಸೋರಿಕೆಯ ಗುರುತು. ಪ್ರೋಟೀನ್ ಬಹಳ ಕಡಿಮೆಯಾದರೆ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವೂ ಇದೆ. ನರಮಂಡಲಕ್ಕೆ ತಾಗಿದರೆ ಕೈ ನಡುಕ, ನಿದ್ದೆಗೇಡು, ಮರೆವು, ಕಾರಣವಿಲ್ಲದ ಸಿಡುಕು ಕಾಣಿಸಿಕೊಳ್ಳುತ್ತವೆ. ಮದುವೆ ಮನೆಯ ಆಯಾಸ ಎಂದುಕೊಂಡು ಇವನ್ನು ಕಡೆಗಣಿಸುವುದು ಸುಲಭ.

ಇನ್ನೊಂದು ಕೆಡುಕು ನಿಧಾನವಾಗಿ ತಿಳಿಯುತ್ತದೆ. ಮೆಲನಿನ್ ಬಿಸಿಲಿಗೆ ಚರ್ಮದ ಕೊಡೆ. ಅದನ್ನು ಅಳಿಸಿದ ಮುಖ ನಮ್ಮ ಕರಾವಳಿಯ ಬಿಸಿಲಿಗೆ ಬೇಗ ಸುಡುತ್ತದೆ, ಕ್ರೀಮ್ ಬಿಟ್ಟರೆ ಮೊದಲಿಗಿಂತ ಹೆಚ್ಚು ಕಪ್ಪಾಗಿ ಕಾಣುತ್ತದೆ. ಗಾಬರಿಯಾದವರು ಇನ್ನೊಂದು ಡಬ್ಬಿ ತರುತ್ತಾರೆ. ಮಾರುವವನಿಗೆ ಗಿರಾಕಿ ಖಾಯಂ.

ವಿಷ ಹಚ್ಚಿಕೊಂಡವರ ಮುಖದಲ್ಲೇ ಉಳಿಯುವುದೂ ಇಲ್ಲ. ತಲೆದಿಂಬು, ಮುಖ ಒರೆಸುವ ಬೈರಾಸು, ಹಚ್ಚಿದ ಕೈಯಲ್ಲಿ ಮುಟ್ಟಿದ ಬಾಗಿಲ ಹಿಡಿ ಇವುಗಳ ಮೂಲಕ ಮನೆಮಂದಿಗೆಲ್ಲ ಹರಡುತ್ತದೆ. ಕ್ರೀಮ್ ಹಚ್ಚಿದ ಕೆನ್ನೆಗೆ ಮುಖವಿಟ್ಟು ಮಲಗುವ ಮಗುವಿಗೆ ತಾಗುವುದು ಎಲ್ಲರಿಗಿಂತ ಹೆಚ್ಚು. ಪಾದರಸ ತಾಯಿಯ ಹಾಲಿನಲ್ಲೂ ಹೋಗುತ್ತದೆ. ಅಂಗೈ, ಅಂಗಾಲು ಕೆಂಪಾಗಿ ಸಿಪ್ಪೆ ಏಳುವುದು, ವಿಪರೀತ ಬೆವರು, ಸಮಾಧಾನವಾಗದ ಅಳು ಮಗುವಿನಲ್ಲಿ ಕಂಡರೆ ಮನೆಯಲ್ಲಿ ಯಾರು ಯಾವ ಕ್ರೀಮ್ ಹಚ್ಚುತ್ತಾರೆ ಎಂಬುದನ್ನು ವೈದ್ಯರಿಗೆ ಹೇಳಲೇಬೇಕು. ಬಸುರಿಯರು, ಬಾಣಂತಿಯರು ಹೆಸರಿಲ್ಲದ ಯಾವ ಕ್ರೀಮನ್ನೂ ಮುಟ್ಟಬಾರದು.

ಇಲ್ಲಿ ನಮ್ಮ ಊರಿನ ಒಂದು ಅಭ್ಯಾಸದ ಬಗ್ಗೆ ಹೇಳಬೇಕು. ಬೇಡವಾದ ಡಬ್ಬಿ, ಪ್ಲಾಸ್ಟಿಕ್, ರಟ್ಟು ಎಲ್ಲವನ್ನೂ ಬಚ್ಚಲ ಒಲೆಗೆ ತುರುಕುವುದು ಹಲವು ಮನೆಗಳಲ್ಲಿ ಇದೆ. ಪಾದರಸದ ಕ್ರೀಮನ್ನು ಹೀಗೆ ಸುಟ್ಟರೆ ಅದು ಆವಿಯಾಗಿ ನೇರ ಶ್ವಾಸಕೋಶಕ್ಕೆ ಹೋಗುತ್ತದೆ, ಹಚ್ಚಿಕೊಂಡದ್ದಕ್ಕಿಂತ ಬೇಗ ತಾಗುತ್ತದೆ. ಚರಂಡಿಗೆ, ಬಾವಿಕಟ್ಟೆಯ ಹತ್ತಿರ, ತೋಟದ ಗುಂಡಿಗೆ ಹಾಕುವುದೂ ತಪ್ಪು. ಮುಚ್ಚಳ ಬಿಗಿ ಮಾಡಿ, ಎರಡು ಪ್ಲಾಸ್ಟಿಕ್ ಚೀಲಗಳಲ್ಲಿ ಒಂದರೊಳಗೊಂದು ಕಟ್ಟಿ, ಮಕ್ಕಳ ಕೈಗೆ ಸಿಗದ ಕಡೆ ಇಡಿ. ವೈದ್ಯರಿಗೂ ಇಲಾಖೆಗೂ ತೋರಿಸಲು ಅದೇ ಸಾಕ್ಷಿ. ಅದರ ಕೆಲಸ ಮುಗಿದ ಮೇಲೆ ಮನೆಮನೆಯಿಂದ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯವರಿಗೆ ಅಪಾಯಕಾರಿ ಕಸ ಎಂದು ಹೇಳಿ ಬೇರೆಯಾಗಿಯೇ ಕೊಡಬೇಕು.

ಡಬ್ಬಿಯನ್ನು ಓದುವುದು ಹೇಗೆ? ಇಲ್ಲಿ ತಯಾರಾದದ್ದಾದರೆ ತಯಾರಕರ ಹೆಸರು, ಪೂರ್ಣ ವಿಳಾಸ, ಬ್ಯಾಚ್ ಸಂಖ್ಯೆ, ತಯಾರಿಕೆಯ ಲೈಸನ್ಸ್ ಸಂಖ್ಯೆ, ಎಂದಿನೊಳಗೆ ಬಳಸಬೇಕು ಎಂಬ ತಿಂಗಳು–ವರ್ಷ, ಒಳಗಿರುವ ಪದಾರ್ಥಗಳ ಪಟ್ಟಿ ಇರಲೇಬೇಕು. ಹೊರದೇಶದ್ದಾದರೆ ಆಮದು ಮಾಡಿದವರ ಭಾರತದ ವಿಳಾಸವೂ, ‘ಆರ್‌ಸಿ’ ಎಂಬ ಅಕ್ಷರಗಳಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಬೇಕು. 2020ರ ಸೌಂದರ್ಯವರ್ಧಕ ನಿಯಮಗಳ ಪ್ರಕಾರ ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯಲ್ಲಿ ನೋಂದಣಿಯಾಗದ ಹೊರದೇಶದ ಕ್ರೀಮನ್ನು ಇಲ್ಲಿ ಮಾರುವಂತಿಲ್ಲ. ಆ ಸಂಖ್ಯೆ ಇಲ್ಲದ ‘ಫಾರಿನ್’ ಡಬ್ಬಿ ಅಂಗಡಿಯ ಕಪಾಟಿನಲ್ಲಿದ್ದರೆ ಅದು ಎಷ್ಟು ಬೆಲೆಯದ್ದಾದರೂ ಕಾನೂನಿಗೆ ಹೊರಗಿನದು.

ಪದಾರ್ಥಗಳ ಪಟ್ಟಿಯಲ್ಲಿ ಮರ್ಕ್ಯುರಿ, ಮರ್ಕ್ಯುರಸ್ ಕ್ಲೋರೈಡ್, ಕ್ಯಾಲೊಮೆಲ್, ಅಮೋನಿಯೇಟೆಡ್ ಮರ್ಕ್ಯುರಿ, ಮರ್ಕ್ಯುರಿಯೊ ಈ ಪೈಕಿ ಯಾವ ಹೆಸರು ಕಂಡರೂ ಕೆಳಗಿಡಿ. ಕಳ್ಳ ತಯಾರಕರು ಅದನ್ನು ಬರೆಯುವುದಿಲ್ಲ ಎಂಬುದು ನಿಜ. ಆದರೆ ಕೆಲವು ಡಬ್ಬಿಗಳಲ್ಲಿ ‘ಚಿನ್ನ, ಬೆಳ್ಳಿ, ಅಲ್ಯುಮಿನಿಯಂ, ರಬ್ಬರಿಗೆ ತಾಗಿಸಬೇಡಿ’ ಎಂಬ ಸೂಚನೆ ಇರುತ್ತದೆ. ಮುಖದ ಕ್ರೀಮಿಗೂ ಬಂಗಾರಕ್ಕೂ ಏನು ಸಂಬಂಧ? ಪಾದರಸ ಚಿನ್ನದ ಜೊತೆ ಕೂಡಿ ಅದನ್ನು ಬಿಳಿಚಿಸುತ್ತದೆ, ಸಂಬಂಧ ಅಷ್ಟೇ. ಆ ಒಂದು ಸಾಲು ಪಾದರಸವನ್ನು ಒಪ್ಪಿಕೊಂಡಂತೆ. ಬೂದು ಅಥವಾ ತಿಳಿ ಹಸಿರು ಛಾಯೆಯ ಕ್ರೀಮ್, ಗಾಳಿ ಬೆಳಕಿಗೆ ಬಿಟ್ಟರೆ ಕಪ್ಪಾಗುವ ಕ್ರೀಮ್ ಕೂಡ ಸಂಶಯಕ್ಕೆ ಅರ್ಹ. ಆದರೆ ಬಿಳಿಯಾಗಿದ್ದು ಪರಿಮಳ ಬಂದರೆ ಸುರಕ್ಷಿತ ಎಂದು ತಿಳಿಯಬಾರದು. ಕಣ್ಣಿನಿಂದ, ಮೂಗಿನಿಂದ ಪಾದರಸ ಇಲ್ಲ ಎಂದು ಹೇಳಲು ಯಾರಿಗೂ ಆಗುವುದಿಲ್ಲ.

ಈಗಾಗಲೇ ಹಚ್ಚಿದವರು ಏನು ಮಾಡಬೇಕು? ಪಾದರಸದ ಸಂಶಯವಿದ್ದರೆ ಅಂದೇ ನಿಲ್ಲಿಸಬೇಕು. ಹತ್ತಿರದ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಇದೆಯೇ ಎಂಬ ಪರೀಕ್ಷೆ ಮಾಡಿಸಬೇಕು. ಬೆಳಿಗ್ಗೆ ಎದ್ದಾಗಿನ ಮೊದಲ ಮೂತ್ರ ಒಳ್ಳೆಯದು. ತುಂಬ ನೀರು ಕುಡಿದು ಮಧ್ಯಾಹ್ನ ಕೊಟ್ಟ ತೆಳು ಮೂತ್ರದಲ್ಲಿ ಅದ್ದಿ ನೋಡುವ ಪರೀಕ್ಷಾ ಪಟ್ಟಿಯ ಬಣ್ಣ ತಿರುಗದೇ ಹೋಗಬಹುದು. ಅಲ್ಬುಮಿನ್ ಕಂಡರೆ ಪ್ರೋಟೀನ್–ಕ್ರಿಯಾಟಿನಿನ್ ಅನುಪಾತ ಅಥವಾ 24 ಗಂಟೆಯ ಮೂತ್ರದ ಪ್ರೋಟೀನ್ ನೋಡಬೇಕಾಗುತ್ತದೆ. ಆರೋಗ್ಯವಂತರಲ್ಲಿ ಇದು ದಿನಕ್ಕೆ 150 ಮಿಲಿಗ್ರಾಮಿನ ಒಳಗೆ ಇರುತ್ತದೆ. ಮೂರೂವರೆ ಗ್ರಾಂ ದಾಟಿದರೆ ಗಂಭೀರ.

ಇಲ್ಲಿ ಎರಡು ಕಡೆ ಎಡವುವುದಿದೆ. ಮೊದಲನೆಯದು, ರಕ್ತದ ಕ್ರಿಯಾಟಿನಿನ್ ಮಾತ್ರ ಮಾಡಿಸಿ ‘ಕಿಡ್ನಿ ನಾರ್ಮಲ್’ ಎಂದು ಮನೆಗೆ ಬರುವುದು. ಈ ಕಾಯಿಲೆಯಲ್ಲಿ ಪ್ರೋಟೀನ್ ಸೋರಿ ಮುಖ ಕಾಲು ಊದಿಕೊಂಡಿದ್ದರೂ ಕ್ರಿಯಾಟಿನಿನ್ ಬಹಳ ದಿನ ಸರಿಯಾಗಿಯೇ ಇರಬಹುದು. ಎರಡನೆಯದು, ಪಾದರಸದ ಪರೀಕ್ಷೆಗೆ ರಕ್ತ ಮಾತ್ರ ಕೊಡುವುದು. ಕ್ರೀಮಿನಲ್ಲಿರುವುದು ಅಜೈವಿಕ ಪಾದರಸ. ಮೀನಿನಲ್ಲಿರುವುದು ಮೀಥೈಲ್ ಪಾದರಸ ಎಂಬ ಬೇರೆ ರೂಪ, ಅದು ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ದಿನಾ ಮೀನು ಊಟ ಮಾಡುವ ನಮ್ಮ ಕರಾವಳಿಯಲ್ಲಿ ರಕ್ತದ ವರದಿ ಒಂದನ್ನೇ ನೋಡಿದರೆ ದಾರಿ ತಪ್ಪುತ್ತದೆ. ಕ್ರೀಮಿನ ಪಾದರಸಕ್ಕೆ ಮೂತ್ರದ ಪರೀಕ್ಷೆಯೇ ಸರಿ, ಅದೂ ಲೋಹದ ಅಂಶವಿಲ್ಲದ, ಪ್ರಯೋಗಾಲಯದವರೇ ಕೊಟ್ಟ ಪಾತ್ರೆಯಲ್ಲಿ. ದೇಹಕ್ಕೆ ಸೇರಿದ ಪಾದರಸ ಅರ್ಧಕ್ಕಿಳಿಯಲು ಸುಮಾರು ಎರಡು ತಿಂಗಳು ಹಿಡಿಯುವುದರಿಂದ ಕ್ರೀಮ್ ಬಿಟ್ಟು ಕೆಲವು ವಾರ ಆದ ಮೇಲೂ ಪರೀಕ್ಷೆಗೆ ಅರ್ಥವಿದೆ. ‘ವಿಷ ತೆಗೆಯುವ’ ಕಷಾಯ, ಪುಡಿ, ಡಿಟಾಕ್ಸ್ ಪ್ಯಾಕೆಟುಗಳ ಹಿಂದೆ ಹೋಗಬೇಡಿ. ಪಾದರಸವನ್ನು ಹಿಡಿದು ಹೊರಹಾಕುವ ಔಷಧಗಳು ಇವೆ, ಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವರು ವೈದ್ಯರು. ಊತಕ್ಕೆಂದು ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗುವುದಂತೂ ಮೂತ್ರಪಿಂಡಕ್ಕೆ ಇನ್ನೊಂದು ಪೆಟ್ಟು.

ಸ್ಟಿರಾಯ್ಡ್ ಕ್ರೀಮುಗಳ ವಿಷಯ ಸ್ವಲ್ಪ ಬೇರೆ. ತಿಂಗಳುಗಟ್ಟಲೆ ಹಚ್ಚಿದ ಮುಖದ ಚರ್ಮ ಕಾಗದದಷ್ಟು ತೆಳುವಾಗಿ, ಕೆಂಪು ರಕ್ತನಾಳಗಳು ಕಾಣಿಸಿ, ಮೊಡವೆ ಎದ್ದು, ಹೆಂಗಸರ ಮುಖದಲ್ಲಿ ಕೂದಲು ಬೆಳೆಯುತ್ತದೆ. ಇದನ್ನು ಥಟ್ಟನೆ ಬಿಟ್ಟರೆ ಮುಖ ಉರಿದು ಕೆಂಡವಾಗುತ್ತದೆ, ಆದ್ದರಿಂದ ಚರ್ಮ ವೈದ್ಯರು ಹೇಳಿದಂತೆ ಹಂತ ಹಂತವಾಗಿ ಬಿಡಬೇಕು. ಹಚ್ಚುವ ಸ್ಟಿರಾಯ್ಡ್‌ಗಳನ್ನು 2018ರಲ್ಲಿ ಕೇಂದ್ರ ಸರಕಾರ ‘ಎಚ್’ ಅನುಸೂಚಿಯ ಬಿಗಿಗೆ ತಂದಿತು. ಅಂದರೆ ವೈದ್ಯರ ಚೀಟಿ ಇಲ್ಲದೆ ಕೊಡುವಂತಿಲ್ಲ. ಎರಡು ಮೂರು ಟ್ಯೂಬುಗಳನ್ನು ಕಲಸಿ ‘ಫಾರ್ಮುಲಾ ಕ್ರೀಮ್’ ಎಂದು ಕೊಡುವುದು ಆ ನಿಯಮಕ್ಕೆ ನೇರ ವಿರುದ್ಧ.

ನಿಯಂತ್ರಣದ ಮಾತಿಗೆ ಬರುವಾಗ ಬೇರೆ ದೇಶಗಳ ಒಂದು ಉದಾಹರಣೆ ಉಪಯೋಗಕ್ಕೆ ಬರುತ್ತದೆ. ಇಲ್ಲಿ ಬೆಳ್ಳಗಾಗಲು ಪಾದರಸ ಹಚ್ಚಿದರೆ, ಬೇರೆ ಕೆಲವು ದೇಶಗಳಲ್ಲಿ ಮೈ ಕಂದಾಗಿಸಲು ನೇರಳಾತೀತ ದೀಪಗಳ ಪೆಟ್ಟಿಗೆಯೊಳಗೆ ಮಲಗುತ್ತಾರೆ. ಟ್ಯಾನಿಂಗ್ ಬೆಡ್ ಎಂದು ಅದರ ಹೆಸರು. ಅದನ್ನು 35 ವರ್ಷಕ್ಕೆ ಮೊದಲು ಬಳಸಲು ಶುರು ಮಾಡಿದವರಲ್ಲಿ ಮೆಲನೋಮ ಎಂಬ ಚರ್ಮದ ಕ್ಯಾನ್ಸರಿನ ಅಪಾಯ ಸ್ಪಷ್ಟವಾಗಿ ಹೆಚ್ಚು ಎಂದು ಕಂಡುಬಂದ ಮೇಲೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲಿ ಆ ಯಂತ್ರಗಳನ್ನು ಕ್ಯಾನ್ಸರ್ ತರುವುದು ಖಚಿತವಾದ, ತಂಬಾಕು ಇರುವ ಮೊದಲನೇ ಗುಂಪಿಗೆ ಸೇರಿಸಿತು. ಅದೇ ವರ್ಷ ಬ್ರೆಜಿಲ್ ಸೌಂದರ್ಯಕ್ಕಾಗಿ ಅವುಗಳ ಬಳಕೆಯನ್ನು ನಿಷೇಧಿಸಿತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2011ರಿಂದ 18 ವರ್ಷದೊಳಗಿನವರಿಗೆ ಅದು ಸಿಗದು. ಆಸ್ಟ್ರೇಲಿಯದ ರಾಜ್ಯಗಳು ಬರಿಯ ಎಚ್ಚರಿಕೆಯ ಫಲಕ, ವಯಸ್ಸಿನ ಮಿತಿ ಸಾಲದೆಂದು ಕಂಡು 2016ರ ಆರಂಭದ ಹೊತ್ತಿಗೆ ಬಾಡಿಗೆಯ ಟ್ಯಾನಿಂಗ್ ಅಂಗಡಿಗಳನ್ನೇ ಮುಚ್ಚಿಸಿದವು. ಯಂತ್ರ ಒಂದು ಕಡೆ ಕೂತಿರುತ್ತದೆ, ಅದಕ್ಕೆ ಬೀಗ ಜಡಿಯಬಹುದು. 30 ಗ್ರಾಮಿನ ಡಬ್ಬಿ ಕಿಸೆಯಲ್ಲಿ ಹೋಗುತ್ತದೆ. ಆದ್ದರಿಂದ ನಮ್ಮ ನಿಯಂತ್ರಣ ಅವರದ್ದಕ್ಕಿಂತ ಚುರುಕಾಗಿರಬೇಕಿತ್ತು.

ಕಾನೂನು ನಮ್ಮಲ್ಲಿ ಇಲ್ಲದೆ ಇಲ್ಲ. ಪಾದರಸದ ಕುರಿತ ಮಿನಮಾಟಾ ಒಪ್ಪಂದವನ್ನು ಭಾರತ 2018ರಲ್ಲಿ ಅನುಮೋದಿಸಿದೆ. 2023ರ ಜಿನೀವಾ ಸಭೆಯಲ್ಲಿ ಸದಸ್ಯ ದೇಶಗಳು ಆ 1 ಪಿಪಿಎಂ ವಿನಾಯಿತಿಯನ್ನೂ ತೆಗೆದು, ಪಾದರಸ ಬೆರೆಸಿದ ಸೌಂದರ್ಯವರ್ಧಕಗಳನ್ನು 2025ರೊಳಗೆ ಪೂರ್ತಿ ನಿಲ್ಲಿಸಲು ಒಪ್ಪಿದವು. 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಲ್ಲಿ ನಕಲಿ, ಕಲಬೆರಕೆ ಕ್ರೀಮಿಗೆ ಮೂರು ವರ್ಷದವರೆಗೆ ಸೆರೆ, ಕನಿಷ್ಠ 50,000 ರೂಪಾಯಿ ದಂಡ ಇದೆ. ಆದರೆ ಬಿರುಕು ಇರುವುದು ಅಂಗಡಿಯಲ್ಲಿ. ಔಷಧ ಮಾರಲು ಲೈಸನ್ಸ್ ಬೇಕು, ಸೌಂದರ್ಯವರ್ಧಕ ಮಾರಲು ಔಷಧ ಇಲಾಖೆಯ ಲೈಸನ್ಸ್ ಬೇಡ. ಬಳೆ, ಬಲೂನು ಮಾರುವ ಅಂಗಡಿಯೂ ಮಾರಬಹುದು, ಫೋನಿನಲ್ಲಿ ಗುಂಪು ಕಟ್ಟಿಕೊಂಡವರೂ ಮಾರಬಹುದು. ಯಾರು ಎಲ್ಲಿ ಮಾರುತ್ತಿದ್ದಾರೆ ಎಂಬ ಪಟ್ಟಿಯೇ ಇನ್‌ಸ್ಪೆಕ್ಟರರ ಬಳಿ ಇಲ್ಲದಿದ್ದರೆ ಹುಡುಕುವುದಾದರೂ ಎಲ್ಲಿ? ಸ್ಥಳೀಯಾಡಳಿತದ ವ್ಯಾಪಾರ ಪರವಾನಗಿಯ ಅರ್ಜಿಯಲ್ಲಿ ‘ಸೌಂದರ್ಯವರ್ಧಕ ಮಾರುತ್ತೀರಾ’ ಎಂಬ ಒಂದು ಕಾಲಂ ಸೇರಿಸಿ, ಆ ಪಟ್ಟಿಯನ್ನು ಔಷಧ ಇಲಾಖೆಗೆ ಕೊಟ್ಟರೆ ಅರ್ಧ ಕೆಲಸ ಆದಂತೆ.

ಬಿಲ್ಲಿನ ಮಹತ್ವವೂ ಇದೇ. ಮಾರುವವನು ತನಗೆ ಸರಕು ಎಲ್ಲಿಂದ ಬಂತು ಎಂದು ಇನ್‌ಸ್ಪೆಕ್ಟರ್ ಕೇಳಿದರೆ ಹೇಳಲೇಬೇಕು ಎಂದು ಕಾಯ್ದೆಯ 18ಎ ಕಲಂ ಹೇಳುತ್ತದೆ. 26ನೇ ಕಲಂ ಪ್ರಕಾರ ಗಿರಾಕಿಯೇ ತಾನು ಕೊಂಡ ಡಬ್ಬಿಯನ್ನು ಶುಲ್ಕ ಕಟ್ಟಿ ಸರಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ಸಹಿ ಮಾಡಿದ ವರದಿ ಪಡೆಯಬಹುದು. ಬ್ಯಾಚ್ ಸಂಖ್ಯೆ ಬರೆದ ಬಿಲ್ಲು ಇಲ್ಲದಿದ್ದರೆ ಈ ಎರಡೂ ಕಲಂಗಳು ಹಲ್ಲಿಲ್ಲದವು.

ಜಿಲ್ಲೆಗೊಂದು, ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರ ಕೊಡಬೇಕು ಎಂಬುದು ನಮ್ಮ ಮುಖ್ಯ ಬೇಡಿಕೆ. ಚಿನ್ನದ ಅಂಗಡಿಗಳಲ್ಲಿ ಬಂಗಾರದ ಶುದ್ಧತೆ ನೋಡುವ ಕ್ಯಾರೆಟ್ ಮೀಟರ್ ಇದೇ ತತ್ವದ್ದು. ಎಕ್ಸ್‌ರೇ ಬಿಟ್ಟಾಗ ಪ್ರತಿ ಧಾತು ತನ್ನದೇ ಗುರುತಿನ ಕಿರಣ ಮರಳಿಸುತ್ತದೆ. ಡಬ್ಬಿಯಲ್ಲಿ ಸಾವಿರಗಟ್ಟಲೆ ಪಿಪಿಎಂ ಪಾದರಸ ಇದ್ದರೆ ಕೆಲವೇ ನಿಮಿಷದಲ್ಲಿ ಅಂಗಡಿಯ ಮೇಜಿನ ಮೇಲೇ ತಿಳಿಯುತ್ತದೆ. 1 ಪಿಪಿಎಂನಂಥ ಸಣ್ಣ ಪ್ರಮಾಣ ಅಳೆಯಲು, ಕೋರ್ಟಿಗೆ ಸಾಕ್ಷಿ ಕೊಡಲು ಪ್ರಯೋಗಾಲಯವೇ ಬೇಕು, ನಿಜ. ಆದರೆ ಯಾವ ಡಬ್ಬಿಯನ್ನು ಅಲ್ಲಿಗೆ ಕಳಿಸಬೇಕು ಎಂಬುದು ಇಲ್ಲಿಯೇ ತೀರ್ಮಾನವಾದರೆ ವಾರಗಳು ಉಳಿಯುತ್ತವೆ.

ತಲಪಾಡಿ ಗೇಟಿನ ಈಚೆ ಕೇರಳದ ಇಲಾಖೆ, ಆಚೆ ಕರ್ನಾಟಕದ್ದು. ಜನ ಮಾತ್ರ ಬೆಳಿಗ್ಗೆ ಮಂಗಳೂರಿಗೆ ಹೋಗಿ ಸಂಜೆ ಕುಂಬಳೆಗೆ ಮರಳುತ್ತಾರೆ, ಸರಕೂ ಹಾಗೆಯೇ. ಒಂದು ಕಡೆ ಸಿಕ್ಕಿಬಿದ್ದ ಬ್ಯಾಚಿನ ವಿವರ ಅದೇ ದಿನ ಇನ್ನೊಂದು ಕಡೆಗೆ ತಲುಪುವ ಏರ್ಪಾಡು ಎರಡೂ ಸರಕಾರಗಳು ಮಾಡಬೇಕು. ಹಾಗೆಯೇ ಎಚ್ಚರಿಕೆ, ದೂರು ಕೊಡುವ ಸಂಖ್ಯೆ, ಸಿಕ್ಕಿಬಿದ್ದ ಕ್ರೀಮುಗಳ ಪಟ್ಟಿ ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಕನ್ನಡದಲ್ಲೂ ಬರಬೇಕು. ಕನ್ನಡ ಅಲ್ಪಸಂಖ್ಯಾತರು ಸರಕಾರದೊಂದಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಹಕ್ಕನ್ನು ಕೇರಳದ ಅಧಿಕೃತ ಭಾಷಾ ಕಾನೂನೇ ಕೊಟ್ಟಿದೆ. ಮಲಯಾಳ ಓದಲು ಬಾರದ ಅಜ್ಜಿ, ಅತ್ತೆಯರೇ ಎಷ್ಟೋ ಮನೆಗಳಲ್ಲಿ ಹುಡುಗಿಯ ಕೈಗೆ ಡಬ್ಬಿ ಕೊಡುವವರು. ಅವರಿಗೆ ಅರ್ಥವಾಗದ ಪ್ರಕಟಣೆ ಗೋಡೆಯ ಮೇಲಿನ ಬರಿಯ ಕಾಗದ.

ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು 2011ರಲ್ಲಿ ಸುಪ್ರೀಂ ಕೋರ್ಟ್ ತಡೆಯುವ ಹೊತ್ತಿಗೆ ಈ ಜಿಲ್ಲೆಯ ಎಷ್ಟು ಮನೆಗಳಲ್ಲಿ ಮಕ್ಕಳು ಹಾಸಿಗೆ ಹಿಡಿದಿದ್ದರು ಎಂಬುದನ್ನು ಇಲ್ಲಿ ಯಾರಿಗೂ ಹೇಳಬೇಕಾಗಿಲ್ಲ. ಆಗ ವಿಷ ಆಕಾಶದಿಂದ ಬಿತ್ತು, ತಪ್ಪಿಸಿಕೊಳ್ಳುವ ದಾರಿ ಜನರ ಕೈಯಲ್ಲಿ ಇರಲಿಲ್ಲ. ಇದು ಹಾಗಲ್ಲ. ಮುಖ ಕಾಲು ಊದಿಕೊಂಡು ಬಂದ ಯುವತಿಯ ಬಳಿ, ಯುವಕನ ಬಳಿಯೂ, ‘ಮುಖಕ್ಕೆ ಏನು ಹಚ್ಚುತ್ತೀರಿ, ಡಬ್ಬಿ ತಂದು ತೋರಿಸಿ’ ಎಂದು ಜಿಲ್ಲೆಯ ಪ್ರತಿ ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಕೇಳುವುದನ್ನು ನಾಳೆಯಿಂದಲೇ ಶುರು ಮಾಡಬಹುದು. ಅದಕ್ಕೆ ಆದೇಶವೂ ಬೇಡ, ಅನುದಾನವೂ ಬೇಡ.

ಇತಿ,
ಕಾಸರಗೋಡಿನ ಕೆಲವು ವೈದ್ಯರು ಮತ್ತು ಫಾರ್ಮಸಿಸ್ಟರು